ಹುಟ್ಟಿನ ಹಕ್ಕು, ಊರಿನ ಕಾನೂನು

ಫ್ರೆಂಚ್ ಕಾನೂನನ್ನೂ ಒಳಗೊಂಡ ಕಾನೂನು ಪದವಿಯಲ್ಲಿ ವಿದ್ಯಾರ್ಥಿಯು ಎರಡು ನ್ಯಾಯಪದ್ಧತಿಗಳನ್ನು ಎರಡು ದೇಶಗಳಲ್ಲಿ, ಎರಡು ಭಾಷೆಗಳಲ್ಲಿ ಕಲಿಯಬೇಕಾಗುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜು ಮತ್ತು ಪ್ಯಾರಿಸ್ಸಿನ ಪಾಂತೆಯೋನ್-ಸೊರ್ಬಾನ್ ವಿಶ್ವವಿದ್ಯಾಲಯಗಳು ಕೂಡಿ ನಡೆಸುವ ಪದವಿಯಲ್ಲಿ ಎರಡು ವರ್ಷ ಲಂಡನ್ನಿನಲ್ಲಿ, ಎರಡು ವರ್ಷ ಪ್ಯಾರಿಸ್ಸಿನಲ್ಲಿ ಓದು. ಆಕ್ಸ್‌ಫರ್ಡಿನ ಇಂಥದೇ ಪದವಿ ನಾಲ್ಕು ವರ್ಷದ್ದು. ಅದರಲ್ಲಿ ಮೂರನೆಯ ವರ್ಷ ಮಾತ್ರ ಹೊರದೇಶದ್ದು. ಮೊದಲ ವರ್ಷಗಳಲ್ಲಿ ವಿದ್ಯಾರ್ಥಿ ಇಂಗ್ಲಿಷ್ ನ್ಯಾಯಾಧೀಶರ ದೀರ್ಘ ತೀರ್ಪುಗಳನ್ನು ಓದಿ, ಹಿಂದಿನ ತೀರ್ಪು ಇಂದಿನ ವ್ಯಾಜ್ಯವನ್ನು ಹೇಗೆ ಕಟ್ಟಿಹಾಕುತ್ತದೆ ಎಂದು ಕಲಿಯುತ್ತಾನೆ. ಪ್ಯಾರಿಸ್ಸಿಗೆ ಹೋದ ಮೇಲೆ ಆ ಅಭ್ಯಾಸವೆಲ್ಲ ತಲೆಕೆಳಗಾಗುತ್ತದೆ. ಅಲ್ಲಿ ಮೊದಲ ಸ್ಥಾನ 1804ರ ಸಿವಿಲ್ ಸಂಹಿತೆಯದು. ನ್ಯಾಯಾಧೀಶರು ತೀರ್ಪಿನ ನೆಪದಲ್ಲಿ ಸಾಮಾನ್ಯ ನಿಯಮಗಳನ್ನು ರೂಪಿಸಬಾರದೆಂದು ಆ ಸಂಹಿತೆಯ 5ನೇ ವಿಧಿ ಹೇಳುತ್ತದೆ. ಕಾನೂನು ಮೌನವಾಗಿದೆ ಎಂಬ ಕಾರಣ ಕೊಟ್ಟು ತೀರ್ಪು ನೀಡದೆ ಇರಬಾರದೆಂದು 4ನೇ ವಿಧಿ ಹೇಳುತ್ತದೆ.

ಈ ಓದು ಎರಡು ಪಠ್ಯಕ್ರಮಗಳ ಜೋಡಣೆಯಾಗಿ ಕಂಡರೂ ಅದರ ಅಡಿಯಲ್ಲಿ ಬಹಳ ಹಳೆಯ ತತ್ತ್ವಪ್ರಶ್ನೆಯೊಂದಿದೆ. ಗಡಿ ದಾಟಿದೊಡನೆ ಸರಿ ತಪ್ಪುಗಳು ಬದಲಾಗುವುದಾದರೆ ನ್ಯಾಯ ಎಂಬುದು ನಿಜಕ್ಕೂ ಇದೆಯೇ, ಅಥವಾ ಇರುವುದು ಆಯಾ ಊರಿನ ರೂಢಿ ಮಾತ್ರವೇ? ಮನುಷ್ಯನಿಗೆ ಹಕ್ಕು ಬರುವುದು ಅವನು ಹುಟ್ಟಿದ್ದರಿಂದಲೋ, ಹುಟ್ಟಿದ ಜಾಗದಿಂದಲೋ, ಹುಟ್ಟಿದ ಕುಲದಿಂದಲೋ? ಈ ಪ್ರಶ್ನೆ ಪ್ಯಾರಿಸ್ಸಿನಲ್ಲಿ ಎದ್ದಷ್ಟೇ ಗಾಢವಾಗಿ ಕನ್ನಡ ನಾಡಿನಲ್ಲೂ ಎದ್ದಿದೆ. ಅದಕ್ಕೆ ಒಂದು ಉತ್ತರವನ್ನು ಕಾಪಾಡಿಕೊಂಡು ಬಂದ ಊರುಗಳಲ್ಲಿ ಚಾಮರಾಜನಗರದ ಸಮೀಪದ ಹರದನಹಳ್ಳಿಯೂ ಒಂದು.

ಹದಿನೇಳನೆಯ ಶತಮಾನದ ಫ್ರೆಂಚ್ ಚಿಂತಕ ಬ್ಲೇಸ್ ಪಾಸ್ಕಲ್ ಈ ಪ್ರಶ್ನೆಯನ್ನು ಪಿರನೀಸ್ ಪರ್ವತದ ಉದಾಹರಣೆಯಿಂದ ಕೇಳಿದ. ಪರ್ವತದ ಈಚೆಗೆ ನಿಜವಾದದ್ದು ಆಚೆಗೆ ಸುಳ್ಳಾಗುವುದಾದರೆ ಅದೆಂಥ ನ್ಯಾಯ ಎಂಬುದು ಅವನ ಸಂಕಟ. 1748ರಲ್ಲಿ ಮಾಂಟೆಸ್ಕ್ಯೂ ಇದಕ್ಕೆ ಸಮಾಧಾನ ಹೇಳಿದ: ಕಾನೂನು ಆಯಾ ಜನರ ಹವೆ, ನೆಲ, ಕಸುಬು, ಧರ್ಮ, ನಡವಳಿಕೆಗಳಿಗೆ ಹೊಂದಿ ಬೆಳೆಯುವಂಥದು, ಆದ್ದರಿಂದ ವ್ಯತ್ಯಾಸ ಸಹಜ. ಆದರೆ ಪಾಸ್ಕಲ್‌ಗೂ ಬಹಳ ಹಿಂದೆಯೇ ಬೌಧಾಯನ ಧರ್ಮಸೂತ್ರ ಇದೇ ಮಾತನ್ನು ಭಾರತದ ಉತ್ತರ ದಕ್ಷಿಣಗಳ ಬಗ್ಗೆ ಎತ್ತಿತ್ತು. ಸೋದರಮಾವನ ಮಗಳನ್ನು ಮದುವೆಯಾಗುವುದು ದಕ್ಷಿಣದ ಆಚಾರ, ಸಮುದ್ರಯಾನ ಉತ್ತರದ ಆಚಾರ ಎಂದು ಅದು ಹೆಸರಿಸುತ್ತದೆ. ಒಂದು ಕಡೆಯ ಆಚಾರವನ್ನು ಇನ್ನೊಂದು ಕಡೆ ಮಾಡಿದರೆ ದೋಷ, ಆಯಾ ದೇಶಕ್ಕೆ ಆಯಾ ದೇಶದ ನಡೆಯೇ ಪ್ರಮಾಣ ಎನ್ನುತ್ತದೆ. ಗೌತಮರು ಇದನ್ನು ಒಪ್ಪುವುದಿಲ್ಲ ಎಂಬುದನ್ನೂ ಅಲ್ಲಿಯೇ ದಾಖಲಿಸುತ್ತದೆ. ಅಂದರೆ ಈ ವಾದಕ್ಕೆ ಎರಡು ಪಕ್ಷಗಳಿದ್ದವು, ಎರಡೂ ಪಕ್ಷಗಳು ಶಾಸ್ತ್ರದ ಒಳಗೇ ಇದ್ದವು.

ಸೋದರ ಸಂಬಂಧದ ಮದುವೆ ಇಂದಿಗೂ ಕಾನೂನಿನ ಪರೀಕ್ಷೆಯ ಒಳ್ಳೆಯ ವಿಷಯ. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ ಮತ್ತು ಸೊಸೆಯ ನಡುವಿನ, ಅಣ್ಣ ತಂಗಿಯರ ಮಕ್ಕಳ ನಡುವಿನ ಮದುವೆಗಳನ್ನು ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿಟ್ಟಿದೆ. ಆದರೆ ಎರಡೂ ಕಡೆಯವರ ರೂಢಿ ಒಪ್ಪಿದರೆ ಮದುವೆ ಸಿಂಧು ಎಂದು ಕೂಡಲೇ ಬಾಗಿಲು ತೆರೆಯುತ್ತದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿ ನಿಂತಿರುವುದು ಈ ಬಾಗಿಲಿನಿಂದ. ಫ್ರೆಂಚ್ ಸಂಹಿತೆ ಸೋದರರ ಮಕ್ಕಳ ಮದುವೆಗೆ ಅಡ್ಡಿ ಮಾಡುವುದಿಲ್ಲ. ಸೋದರಮಾವ ಮತ್ತು ಸೊಸೆಯ ಮದುವೆಯನ್ನು ಮಾತ್ರ 163ನೇ ವಿಧಿ ತಡೆಯುತ್ತದೆ. ಗಂಭೀರ ಕಾರಣವಿದ್ದರೆ ದೇಶದ ರಾಷ್ಟ್ರಾಧ್ಯಕ್ಷರು ಆ ತಡೆಯನ್ನು ಸಡಿಲಿಸಬಹುದೆಂದು 164ನೇ ವಿಧಿ ಹೇಳುತ್ತದೆ. ಒಂದು ಕಡೆ ರೂಢಿ ವಿನಾಯಿತಿ ಕೊಡುತ್ತದೆ, ಇನ್ನೊಂದು ಕಡೆ ಪ್ರಭುತ್ವ ಕೊಡುತ್ತದೆ. ನಿಯಮಕ್ಕಿಂತ ವಿನಾಯಿತಿ ಯಾರ ಕೈಯಲ್ಲಿದೆ ಎಂಬುದರಲ್ಲಿ ಒಂದು ಕಾನೂನಿನ ತತ್ತ್ವ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಪರ್ವತದ ಈಚೆ ಆಚೆ ಕಾನೂನು ಬೇರೆಯಾಗುವುದನ್ನು ನೋಡಲು ಚಾಮರಾಜನಗರ ಜಿಲ್ಲೆಯವರು ಯುರೋಪಿಗೆ ಹೋಗಬೇಕಾಗಿಯೂ ಇಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ ಮತ್ತು ಗುಂಡ್ಲುಪೇಟೆ ಮೈಸೂರು ಸಂಸ್ಥಾನದಲ್ಲಿದ್ದವು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯನ್ನು ಮಾಡಿ, ಮನೆತನದ ಆಸ್ತಿ ಪಾಲಾಗುವಾಗ ವಿಧವೆ, ತಾಯಿ ಮಾತ್ರವಲ್ಲದೆ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಇದೆಯೆಂದು ಹೇಳಿತು. ಬ್ರಿಟಿಷ್ ಆಳ್ವಿಕೆಯ ಪ್ರಾಂತಗಳಿಗೆ 1937ರಲ್ಲಿ ಬಂದ ಕಾಯ್ದೆ ವಿಧವೆಗೆ ಗಂಡನ ಪಾಲನ್ನು ಬದುಕಿರುವಷ್ಟು ಕಾಲ ಕೊಟ್ಟಿತು, ಮಗಳ ಮಾತೆತ್ತಲಿಲ್ಲ. ಹೀಗಾಗಿ ಹರದನಹಳ್ಳಿಯ ಮನೆಯೊಂದು ಪಾಲಾದಾಗ ಮದುವೆಯಾಗದ ಮಗಳು ಕೇಳಬಹುದಾದದ್ದನ್ನು ಕೊಳ್ಳೇಗಾಲದ ಮಗಳು ಕೇಳುವಂತಿರಲಿಲ್ಲ. ಒಂದೇ ಭಾಷೆ, ಒಂದೇ ಮಾದಪ್ಪನ ಜಾತ್ರೆ, ಪರಸ್ಪರ ಹೆಣ್ಣು ಕೊಟ್ಟು ತರುವ ಮನೆಗಳು. ನಡುವೆ ಒಂದು ಆಡಳಿತದ ಗೆರೆ. ಆ ಗೆರೆಗೆ ನೆಲದ ಗುಣ, ಹವೆಯ ಗುಣ ಯಾವ ಕಾರಣವೂ ಆಗಿರಲಿಲ್ಲ. ಮಾಂಟೆಸ್ಕ್ಯೂನ ಸಮಾಧಾನ ಇಲ್ಲಿ ಸಾಲದು. ಕಾನೂನು ಬೇರೆಯಾದದ್ದು ಯಾರೋ ಹಾಗೆ ನಿರ್ಧರಿಸಿದ್ದರಿಂದ. ನಿರ್ಧಾರವೆಂದ ಮೇಲೆ ಅದನ್ನು ಪ್ರಶ್ನಿಸಲೂಬಹುದು, ಅದಕ್ಕೆ ಉತ್ತರ ಹೇಳಬೇಕಾದವರೂ ಇರುತ್ತಾರೆ. ಎರಡು ಕಾನೂನುಗಳನ್ನು ಒಟ್ಟಿಗೆ ಓದುವುದರ ಮೊದಲ ಫಲ ಈ ಅರಿವು.

ಆಸ್ತಿಯ ವಿಷಯದಲ್ಲಿ ಕನ್ನಡ ನಾಡು ಬರೀ ಕಲಿಯುವ ಸ್ಥಾನದಲ್ಲಿ ಇದ್ದದ್ದಲ್ಲ. ಭಾರತದ ಬಹುಭಾಗಕ್ಕೆ ವಾರಸಿನ ಕಾನೂನನ್ನು ಕೊಟ್ಟದ್ದು ಚಾಲುಕ್ಯರ ರಾಜಧಾನಿ ಕಲ್ಯಾಣ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನವನ್ನು ಬಂಗಾಳ ಮತ್ತು ಅದರ ನೆರೆಯ ಪ್ರದೇಶ ಬಿಟ್ಟು ಉಳಿದೆಡೆ ನ್ಯಾಯಾಲಯಗಳು ಪ್ರಮಾಣವೆಂದು ಒಪ್ಪಿದವು. ವಿಜ್ಞಾನೇಶ್ವರನ ನಿಲುವು ಜನ್ಮಸ್ವತ್ವವಾದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನ ಹಕ್ಕು ತಂದೆ ಸತ್ತ ಮೇಲೆ ಹುಟ್ಟುವುದಿಲ್ಲ, ಮಗ ಹುಟ್ಟಿದಾಗಲೇ ಹುಟ್ಟುತ್ತದೆ. ಆದ್ದರಿಂದ ತಂದೆ ಆ ಆಸ್ತಿಯ ಒಡೆಯನಷ್ಟೇ ಅಲ್ಲ, ಮಗನೊಡನೆ ಸಮಪಾಲುದಾರ. ಬಂಗಾಳದ ಜೀಮೂತವಾಹನ ಇದನ್ನು ಒಪ್ಪಲಿಲ್ಲ. ತಂದೆಯ ಒಡೆತನ ಮುಗಿದ ಮೇಲೆಯೇ ಮಗನದು ಶುರು ಎಂದ.

ಈ ವಾದವನ್ನು ತಲೆಯಲ್ಲಿಟ್ಟುಕೊಂಡು ಪ್ಯಾರಿಸ್ಸಿನ ತರಗತಿಗೆ ಹೋದ ವಿದ್ಯಾರ್ಥಿಗೆ ಒಂದು ಅಚ್ಚರಿ ಕಾದಿದೆ. ಭಾರತದ ಕಾನೂನು ಕಾಲೇಜುಗಳಲ್ಲಿ ಕಲಿಸುವ ಕರಾರು, ಅಪಕೃತ್ಯ, ಟ್ರಸ್ಟ್‌ಗಳ ಬೇರು ಇಂಗ್ಲೆಂಡಿನಲ್ಲಿದೆ. ಇಂಗ್ಲಿಷ್ ಕಾನೂನಿನಲ್ಲಿ ತಂದೆ ತನ್ನ ಆಸ್ತಿಯನ್ನು ವಿಲ್ ಮೂಲಕ ಯಾರಿಗೆ ಬೇಕಾದರೂ ಬರೆಯಬಹುದು ಎಂಬುದೇ ಮೂಲನಿಯಮ. ಅವಲಂಬಿತರು ನ್ಯಾಯಾಲಯಕ್ಕೆ ಹೋಗಿ ಕೇಳಿಕೊಳ್ಳುವ ದಾರಿ ನಂತರ ಬಂದದ್ದು. ಫ್ರೆಂಚ್ ಸಂಹಿತೆ ಹಾಗಲ್ಲ. 913ನೇ ವಿಧಿಯ ಪ್ರಕಾರ ಒಂದು ಮಗುವಿದ್ದರೆ ಆಸ್ತಿಯ ಅರ್ಧ, ಎರಡಿದ್ದರೆ ಮೂರರಲ್ಲಿ ಎರಡು ಭಾಗ, ಮೂರು ಅಥವಾ ಹೆಚ್ಚಿದ್ದರೆ ನಾಲ್ಕರಲ್ಲಿ ಮೂರು ಭಾಗ ಮಕ್ಕಳಿಗೆ ಮೀಸಲು. ತಂದೆ ತಾಯಿ ಮನಸ್ಸಿಗೆ ಬಂದಂತೆ ಕೊಡಬಹುದಾದದ್ದು ಉಳಿದ ಭಾಗವನ್ನು ಮಾತ್ರ. ಸುಮಾರು ಏಳು ನೂರು ವರ್ಷಗಳ ಅಂತರದಲ್ಲಿ, ಒಬ್ಬರನ್ನೊಬ್ಬರು ಅರಿಯದೆ, ಕಲ್ಯಾಣವೂ ಪ್ಯಾರಿಸ್ಸೂ ಒಂದೇ ದಿಕ್ಕಿಗೆ ನೋಡಿವೆ: ಮಗು ತಂದೆಯ ಕೃಪೆಯಿಂದ ಪಡೆಯುವುದಲ್ಲ, ಹುಟ್ಟಿದ ಕಾರಣಕ್ಕೆ ಪಡೆಯುತ್ತದೆ. ದಾರಿಗಳು ಮಾತ್ರ ಬೇರೆ. ಮಿತಾಕ್ಷರದಲ್ಲಿ ಹಕ್ಕು ತಂದೆ ಬದುಕಿರುವಾಗಲೇ ಇದೆ, ಫ್ರಾನ್ಸಿನಲ್ಲಿ ಸಾವಿನ ನಂತರ ಜಾರಿಗೆ ಬರುತ್ತದೆ. ಇನ್ನೂರು ವರ್ಷ ಇಂಗ್ಲಿಷ್ ಕಾನೂನಿನ ನೆರಳಲ್ಲಿ ಬೆಳೆದ ಓದಿಗೆ ಈ ನೆಂಟಸ್ತನ ಕಾಣುವುದೇ ಇಲ್ಲ.

ಒಂದು ದೊಡ್ಡ ಭೇದವೂ ಇದೆ. ಫ್ರೆಂಚ್ ಕ್ರಾಂತಿ ಮಗಳನ್ನು ಮಗನ ಸಮಕ್ಕೆ ನಿಲ್ಲಿಸಿತು, ಸಂಹಿತೆ ಅದನ್ನು ಉಳಿಸಿಕೊಂಡಿತು. ಮಿತಾಕ್ಷರದ ಜನ್ಮಸ್ವತ್ವ ಗಂಡುಸಂತಾನಕ್ಕೆ ಮೀಸಲಾಯಿತು. ಈ ಕೊರತೆಯನ್ನು ತುಂಬಲು ಕರ್ನಾಟಕ 1994ರಲ್ಲಿ ತನ್ನದೇ ತಿದ್ದುಪಡಿ ತಂದು ಮಗಳನ್ನೂ ಹುಟ್ಟಿನಿಂದ ಸಮಪಾಲುದಾರಳಾಗಿಸಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಆ ಹೊರಗಿಡುವಿಕೆ ಇರಲಿಲ್ಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿದ್ದನೇ ಎಂದು ಕೇಳುವ ಅಗತ್ಯವಿಲ್ಲ, ಹಕ್ಕು ಬಂದದ್ದು ತಂದೆಯಿಂದಲ್ಲ, ಹುಟ್ಟಿನಿಂದ ಎಂದು ಸ್ಪಷ್ಟಪಡಿಸಿತು. ವಿಜ್ಞಾನೇಶ್ವರನ ತರ್ಕವನ್ನು ಬಿಡದೆ, ಅದನ್ನೇ ಕೊನೆಯವರೆಗೆ ಒಯ್ದು ಮಗಳಿಗೆ ನ್ಯಾಯ ಸಿಕ್ಕಿದ್ದು ಗಮನಾರ್ಹ.

ವಿಜ್ಞಾನೇಶ್ವರನ ನಂತರ ಸುಮಾರು ಅರ್ಧ ಶತಮಾನಕ್ಕೆ ಅದೇ ಕಲ್ಯಾಣದಲ್ಲಿ ಹುಟ್ಟಿನ ಬಗ್ಗೆ ಇನ್ನೊಂದು ಮಾತು ಕೇಳಿಬಂತು. ಬಸವಣ್ಣ, ಅಲ್ಲಮ, ಅಕ್ಕಮಹಾದೇವಿ, ಚನ್ನಬಸವಣ್ಣ ಮೊದಲಾದ ಶರಣರು ಹುಟ್ಟಿದ ಕುಲ ಮನುಷ್ಯನ ಅಳತೆಯಲ್ಲ ಎಂದರು. ಆ ಮಾತು ಕಾನೂನಿನೊಡನೆ ನೇರವಾಗಿ ಢಿಕ್ಕಿ ಹೊಡೆದದ್ದು ಒಂದು ಮದುವೆಯಲ್ಲಿ. ಶರಣ ಪರಂಪರೆಯ ಕಥನದಂತೆ ಸಮಗಾರ ಹರಳಯ್ಯನ ಮಗ ಮತ್ತು ಬ್ರಾಹ್ಮಣ ಮಧುವರಸನ ಮಗಳು ಮದುವೆಯಾದರು, ಬಿಜ್ಜಳನ ಪ್ರಭುತ್ವ ಇಬ್ಬರ ತಂದೆಯರಿಗೂ ಕ್ರೂರ ಮರಣದಂಡನೆ ವಿಧಿಸಿತು. ಪ್ರಭುತ್ವದ ಕಣ್ಣಿನಲ್ಲಿ ಅದು ವರ್ಣಸಂಕರದ ಅಪರಾಧ, ಶರಣರ ಕಣ್ಣಿನಲ್ಲಿ ಇಬ್ಬರು ಲಿಂಗವಂತರ ಮದುವೆ. ಎರಡು ಕಾನೂನುಗಳು ಒಂದೇ ಪಟ್ಟಣದಲ್ಲಿ, ಒಂದೇ ಮನೆಯ ಚಪ್ಪರದ ಕೆಳಗೆ ಎದುರಾದವು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಮಿತಾಕ್ಷರ ಹುಟ್ಟನ್ನು ಹಕ್ಕಿನ ಮೂಲವೆನ್ನುತ್ತದೆ, ಶರಣರು ಹುಟ್ಟನ್ನು ತಿರಸ್ಕರಿಸುತ್ತಾರೆ, 1789ರ ಫ್ರೆಂಚ್ ಹಕ್ಕುಗಳ ಘೋಷಣೆ ಮನುಷ್ಯರು ಹುಟ್ಟಿನಿಂದಲೇ ಸ್ವತಂತ್ರರು, ಸಮಾನರು ಎನ್ನುತ್ತದೆ. ಮೂರೂ ಒಂದಕ್ಕೊಂದು ವಿರುದ್ಧವೆಂದು ತೋರುತ್ತದೆ, ಆದರೆ ವಿರೋಧ ಇರುವುದು ಬೇರೆ ಕಡೆ. ಹುಟ್ಟು ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಹುಟ್ಟಿದ್ದೇನೆ, ಆದ್ದರಿಂದ ನನ್ನನ್ನು ಬಿಟ್ಟು ಪಾಲು ಮಾಡುವಂತಿಲ್ಲ ಎಂಬುದು ಒಂದು. ಇಂಥಲ್ಲಿ ಹುಟ್ಟಿದ್ದೇನೆ, ಆದ್ದರಿಂದ ನೀನು ನನಗಿಂತ ಕೆಳಗೆ ಎಂಬುದು ಇನ್ನೊಂದು. ಮೊದಲನೆಯದು ಹಕ್ಕು, ಎರಡನೆಯದು ಮೇಲು ಕೀಳು. ಶರಣರು ಒಡೆದದ್ದು ಎರಡನೆಯದನ್ನು, ಫ್ರೆಂಚ್ ಘೋಷಣೆ ಒಡೆದದ್ದೂ ಅದನ್ನೇ. ಹುಟ್ಟಿದ ಪ್ರತಿಯೊಬ್ಬರಿಗೂ ಒಂದೇ ಬಗೆಯ ಹಕ್ಕು ಎಂದಾಗ ಹುಟ್ಟು ಸಮಾನತೆಯ ಆಧಾರವಾಗುತ್ತದೆ. ಕೆಲವರ ಹುಟ್ಟಿಗೆ ಮಾತ್ರ ಬೆಲೆ ಎಂದಾಗ ಅದೇ ಹುಟ್ಟು ಅನ್ಯಾಯದ ಆಧಾರವಾಗುತ್ತದೆ.

ಶರಣರ ಈ ವಿಚಾರ ಕಲ್ಯಾಣದ ಕ್ರಾಂತಿಯೊಡನೆ ಚದುರಿಹೋಗದಂತೆ ಉಳಿದದ್ದರಲ್ಲಿ ಹರದನಹಳ್ಳಿಗೆ ಪಾಲಿದೆ. ಅಲ್ಲಿ ಗೋಸಲ ಚನ್ನಬಸವೇಶ್ವರರ ಪೀಠವಿತ್ತು. ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ್ದು ಆ ಊರಿನಲ್ಲಿ, ದೀಕ್ಷೆ ಪಡೆದದ್ದು ಆ ಗುರುವಿನಿಂದ. ಆಮೇಲೆ ಅವರು ನಾಡೆಲ್ಲ ಸಂಚರಿಸಿ, ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಯಡಿಯೂರಿನಲ್ಲಿ ನೆಲೆನಿಂತರು. ಷಟ್‌ಸ್ಥಲ ಜ್ಞಾನಸಾರಾಮೃತದಲ್ಲಿ ಅವರ 701 ವಚನಗಳಿವೆ. ಅವರೊಡನೆ 701 ವಿರಕ್ತರು ಸಂಚರಿಸುತ್ತಿದ್ದರೆಂಬ ನಂಬಿಕೆಯೂ ಇದೆ. ಶೂನ್ಯಸಂಪಾದನೆಯ ಕೊನೆಯ ಪರಿಷ್ಕರಣೆ ಮಾಡಿದ ಗೂಳೂರು ಸಿದ್ಧವೀರಣ್ಣೊಡೆಯರು ಅವರ ಶಿಷ್ಯ ಪರಂಪರೆಯವರು. ವಾದ, ಪ್ರಶ್ನೆ, ಮರುಪ್ರಶ್ನೆಗಳಲ್ಲಿ ಅಲ್ಲಮನ ಮುಂದೆ ಪ್ರತಿಯೊಬ್ಬರೂ ತಮ್ಮ ನಿಲುವನ್ನು ಸಾಬೀತುಮಾಡಬೇಕಾದ ಆ ಗ್ರಂಥ ತರ್ಕದ ಶಿಸ್ತಿನಲ್ಲಿ ಯಾವ ನ್ಯಾಯಸ್ಥಾನಕ್ಕೂ ಕಡಿಮೆಯದಲ್ಲ. ಊರಿನ ಗುರುವಿನ ಬಳಿ ನೆಲೆ ಕಂಡುಕೊಂಡು, ಆಮೇಲೆ ಹೊರಗೆ ನಡೆದು, ಕಂಡದ್ದನ್ನು ಒರೆಗೆ ಹಚ್ಚುವ ಕ್ರಮ ಈ ಪರಂಪರೆಯದು.

ಹೊರಗೆ ಹೋದ ಮಾತ್ರಕ್ಕೆ ಕಣ್ಣು ತೆರೆಯುತ್ತದೆ ಎನ್ನುವಂತಿಲ್ಲ. ಇದಕ್ಕೆ ಮೈಸೂರು ಸೀಮೆಯಲ್ಲೇ ದೃಷ್ಟಾಂತವಿದೆ. ಫ್ರಾನ್ಸಿನ ಪಾದ್ರಿ ಅಬ್ಬೆ ದ್ಯುಬ್ವಾ 1792ರಲ್ಲಿ ಭಾರತಕ್ಕೆ ಬಂದು, ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಸುತ್ತ ನೆಲೆಸಿ, ಇಲ್ಲಿನವರ ಉಡುಗೆ ಊಟಗಳನ್ನು ರೂಢಿಸಿಕೊಂಡು 1823ರವರೆಗೆ ಭಾರತದಲ್ಲಿ ಬದುಕಿದ. ಹಿಂದೂಗಳ ರೀತಿ ನೀತಿಗಳ ಬಗ್ಗೆ ಅವನ ಹೆಸರಿನಲ್ಲಿ ಬಂದ ಪುಸ್ತಕ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಕ್ರಾಂತಿಯ ಫ್ರಾನ್ಸನ್ನು ತೊರೆದು ಬಂದ ಆತ ಜಾತಿವ್ಯವಸ್ಥೆಯನ್ನು ಹಿಂದೂ ಶಾಸನಕಾರರ ಅತ್ಯುತ್ತಮ ಸಾಧನೆಯೆಂದು ಹೊಗಳಿದ. ಮೂವತ್ತು ವರ್ಷ ಜೊತೆಗಿದ್ದೂ ಜಾತಿಯ ಕೆಳತುದಿಯಲ್ಲಿ ನಿಂತವರ ಕಣ್ಣಿನಿಂದ ಅದನ್ನು ನೋಡಲು ಅವನಿಗೆ ಆಗಲಿಲ್ಲ. ತನ್ನ ದೇಶದ ಕ್ರಾಂತಿಯ ಮೇಲಿನ ಭಯವನ್ನು ಅವನು ಇಲ್ಲಿಗೂ ಹೊತ್ತು ತಂದಿದ್ದ.

ಫ್ರೆಂಚ್ ಕಾನೂನು ದಕ್ಷಿಣ ಭಾರತದವರ ಬದುಕಿನೊಳಕ್ಕೆ ಬಂದದ್ದು ಪುದುಚೇರಿಯಲ್ಲಿ. 1819ರ ನಿಯಮದಂತೆ ಅಲ್ಲಿನ ಭಾರತೀಯರು ತಮ್ಮ ತಮ್ಮ ಜಾತಿಯ ಆಚಾರಕ್ಕೆ ಒಳಪಟ್ಟವರು. 1873ರಲ್ಲಿ ಪೊನ್ನುತಂಬಿ ಪಿಳ್ಳೆ ಎಂಬ ವಕೀಲರು ಯುರೋಪಿಯನ್ನರಂತೆ ಬೂಟು ತೊಟ್ಟು ನ್ಯಾಯಾಲಯಕ್ಕೆ ಬಂದಾಗ ಅವರನ್ನು ತಡೆಯಲಾಯಿತು. ಅವರು ಪ್ಯಾರಿಸ್ಸಿನ ಉನ್ನತ ನ್ಯಾಯಾಲಯದವರೆಗೆ ಹೋಗಿ ಗೆದ್ದು ಬಂದರು. 1881ರ ಸೆಪ್ಟೆಂಬರ್ 21ರ ಆದೇಶ, ಜಾತಿಯ ಆಚಾರವನ್ನು ತ್ಯಜಿಸಿ ಫ್ರೆಂಚ್ ಸಿವಿಲ್ ಸಂಹಿತೆಗೆ ಒಳಪಡುವ ಅವಕಾಶ ಕೊಟ್ಟಿತು. ಹಾಗೆ ತ್ಯಜಿಸಿದವರ ಮುಂದಾಳಾಗಿ ಪೊನ್ನುತಂಬಿಯವರು ಲಾಪೋರ್ತ್ ಎಂಬ ಹೊಸ ಮನೆತನದ ಹೆಸರನ್ನು ಇಟ್ಟುಕೊಂಡರು. ಒಮ್ಮೆ ತ್ಯಜಿಸಿದ ಮೇಲೆ ಹಿಂದಿರುಗುವಂತಿರಲಿಲ್ಲ. ಅವರ ವಂಶದವರಿಗೆ ಪುದುಚೇರಿಯಲ್ಲಿ ಇಂದಿಗೂ ಆ ಸಂಹಿತೆ ಅನ್ವಯಿಸುತ್ತದೆ. ಸಮಾನತೆ ಬೇಕಾದರೆ ತನ್ನದನ್ನು ಬಿಡಬೇಕು ಎಂಬ ಷರತ್ತು ಅಲ್ಲಿ ಇತ್ತು. ಆ ಷರತ್ತು ಒಪ್ಪಿದವರನ್ನು ದೂಷಿಸುವುದು ತಪ್ಪು. ಬಿಟ್ಟು ಹೋಗಲು ಯೋಗ್ಯವಾದ ಅವಮಾನವನ್ನೇ ಅವರು ಬಿಟ್ಟದ್ದು.

ಆ ಷರತ್ತನ್ನೇ ನಿರಾಕರಿಸಿದವರು ಡಾ. ಬಿ. ಆರ್. ಅಂಬೇಡ್ಕರ್. ಕೊಲಂಬಿಯಾ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಗ್ರೇಸ್ ಇನ್‌ಗಳಲ್ಲಿ ಓದಿ ಬಂದ ಅವರು 1954ರ ಅಕ್ಟೋಬರ್‌ನಲ್ಲಿ ಆಕಾಶವಾಣಿಯಲ್ಲಿ ಮಾತನಾಡುತ್ತ, ಸ್ವಾತಂತ್ರ್ಯ ಸಮಾನತೆ ಸಹೋದರತೆಗಳೇ ತಮ್ಮ ತತ್ತ್ವವೆಂದೂ, ಅದನ್ನು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದದ್ದಲ್ಲವೆಂದೂ, ತಮ್ಮ ಗುರು ಬುದ್ಧನಿಂದ ಪಡೆದದ್ದೆಂದೂ ಹೇಳಿದರು. ಅದರ ಬೇರು ರಾಜಕೀಯಶಾಸ್ತ್ರದಲ್ಲಲ್ಲ, ಧರ್ಮದಲ್ಲಿದೆ ಎಂಬುದು ಅವರ ನಿಲುವು. ಹೊರದೇಶದ ಓದು ಅವರಿಗೆ ಮೌಲ್ಯವನ್ನು ಕೊಡಲಿಲ್ಲ, ಆ ಮೌಲ್ಯವನ್ನು ಕಾನೂನಾಗಿಸುವ ಕೈಪಳಗನ್ನು ಕೊಟ್ಟಿತು. ಪರದೇಶದ ಕಾನೂನನ್ನು ಓದುವುದಕ್ಕೆ ಇದಕ್ಕಿಂತ ಸರಿಯಾದ ಸಮರ್ಥನೆ ಸಿಗುವುದು ಕಷ್ಟ.

ಧರ್ಮ ಮತ್ತು ಪ್ರಭುತ್ವದ ಸಂಬಂಧದಲ್ಲಿ ಎರಡು ದೇಶಗಳ ದಾರಿ ತೀರ ಬೇರೆ. ಫ್ರಾನ್ಸಿನ 1905ರ ಕಾಯ್ದೆಯಂತೆ ಪ್ರಭುತ್ವ ಯಾವ ಮತಕ್ಕೂ ಮಾನ್ಯತೆ, ಸಂಬಳ, ಸಹಾಯಧನ ಕೊಡುವುದಿಲ್ಲ. 1905ರಲ್ಲಿ ಜರ್ಮನಿಯ ವಶದಲ್ಲಿದ್ದ ಅಲ್ಸಾಸ್ ಮತ್ತು ಮೊಸೆಲ್ ಭಾಗಗಳಲ್ಲಿ ಮಾತ್ರ ಪಾದ್ರಿಗಳಿಗೆ ಇಂದಿಗೂ ಸರ್ಕಾರವೇ ಸಂಬಳ ಕೊಡುತ್ತದೆ. ಕೊಳ್ಳೇಗಾಲದಂಥ ಗೆರೆ ಫ್ರಾನ್ಸಿನ ಒಳಗೂ ಇದೆ. 1792ರಿಂದ ಫ್ರಾನ್ಸಿನಲ್ಲಿ ಮದುವೆ ನಡೆಯುವುದು ಪುರಸಭೆಯಲ್ಲಿ. ಧಾರ್ಮಿಕ ವಿಧಿ ಅದರ ನಂತರ, ಅದಕ್ಕೆ ಕಾನೂನಿನ ಬಲವಿಲ್ಲ. ಹರಳಯ್ಯ ಮಧುವರಸರ ಮಕ್ಕಳಂಥವರಿಗೆ ಭಾರತದಲ್ಲಿ 1954ರ ವಿಶೇಷ ವಿವಾಹ ಕಾಯ್ದೆ ಇದೆ, ಆದರೆ ಅದರ 30 ದಿನಗಳ ಬಹಿರಂಗ ನೋಟಿಸು ಅವರನ್ನು ಮತ್ತೆ ಊರಿನ ಕಣ್ಣಿಗೇ ಒಪ್ಪಿಸುತ್ತದೆ. ಇದು ಬದಲಾಗಬೇಕಾದ ನಿಯಮ.

ಶಾಲೆಯಲ್ಲಿ ಧಾರ್ಮಿಕ ಚಿಹ್ನೆಗಳ ಪ್ರಶ್ನೆ ಎರಡೂ ಕಡೆ ಎದ್ದಿತು. ಫ್ರಾನ್ಸಿನ ಕಾಯ್ದೆಯ ದಿನಾಂಕ 2004ರ ಮಾರ್ಚ್ 15, ಹಿಜಾಬ್ ಕುರಿತ ಕರ್ನಾಟಕ ಹೈಕೋರ್ಟಿನ ತೀರ್ಪಿನದು 2022ರ ಮಾರ್ಚ್ 15. ಎರಡರ ಫಲಿತಾಂಶ ಹತ್ತಿರ, ತರ್ಕ ದೂರ. ಫ್ರೆಂಚ್ ಕಾನೂನು ಒಂದು ಆಚರಣೆ ಧರ್ಮಕ್ಕೆ ಅತ್ಯಗತ್ಯವೇ ಎಂದು ಕೇಳುವುದಿಲ್ಲ, ಸರ್ಕಾರಿ ಶಾಲೆಯ ತಾಟಸ್ಥ್ಯದಿಂದ ಶುರುಮಾಡುತ್ತದೆ. ಭಾರತದ ನ್ಯಾಯಾಲಯ ಅದೇ ಪ್ರಶ್ನೆಯನ್ನು ಕೇಳಿ, ಧರ್ಮಗ್ರಂಥದ ಅರ್ಥ ಹೇಳುವ ಹೊಣೆಯನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2022ರ ಅಕ್ಟೋಬರ್ 13ರಂದು ಈ ವಿಷಯದಲ್ಲಿ ಭಿನ್ನ ತೀರ್ಪು ಕೊಟ್ಟರು. ಯಾವ ಫಲಿತಾಂಶ ಸರಿಯೆಂದು ವಾದಿಸುವ ಮೊದಲು ಯಾವ ಪ್ರಶ್ನೆ ಸರಿಯೆಂದು ಕೇಳಬೇಕೆನ್ನುವುದನ್ನು ಈ ಹೋಲಿಕೆ ಕಲಿಸುತ್ತದೆ.

ಇಂಥ ಓದಿಗೆ ಚಾಮರಾಜನಗರ ಜಿಲ್ಲೆಯಿಂದ ಹೋಗಿ ಬರುವವರ ಮುಂದೆ ಎರಡು ಅಡ್ಡಿಗಳಿವೆ: ಹಣ ಮತ್ತು ಮಾನ್ಯತೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಹಿಂದಿರುಗಿ ವಕೀಲರಾಗಬೇಕಾದರೆ 1961ರ ವಕೀಲರ ಕಾಯ್ದೆಯಂತೆ ಆ ಪದವಿಗೆ ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಇರಬೇಕು, ಪರಿಷತ್ತು ನಡೆಸುವ ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಬೇಕು. ಎಲ್ಲರೂ ಪ್ಯಾರಿಸ್ಸಿಗೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಮೈಸೂರಿನ ಕಾನೂನು ಕಾಲೇಜುಗಳು ವಾರಸಿನ ಪಾಠದಲ್ಲಿ ಮಿತಾಕ್ಷರ, 1933ರ ಮೈಸೂರು ಕಾಯ್ದೆ ಮತ್ತು ಫ್ರೆಂಚ್ ಸಂಹಿತೆಯ 913ನೇ ವಿಧಿಯನ್ನು ಪಕ್ಕಪಕ್ಕದಲ್ಲಿಟ್ಟು, ಕನ್ನಡದಲ್ಲಿ ಕಲಿಸಲು ತೊಡಗಬೇಕು. ಅದಕ್ಕೆ ಬೇಕಾದ ಪಠ್ಯವನ್ನು ಬರೆಯುವ ಕೆಲಸವನ್ನು ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಕೈಗೆತ್ತಿಕೊಳ್ಳಬೇಕು.